41ರಲ್ಲಿ ಐವಿಎಫ್: ಸ್ವಂತ ಅಂಡಾಣುವೋ, ದಾನಿ ಅಂಡಾಣುವೋ?

ಪ್ರಶ್ನೆ: ನನಗೆ 41 ವರ್ಷ. ಮದುವೆ ತಡವಾಗಿ ಆಯಿತು. ಒಂದು ವರ್ಷದಿಂದ ಮಗುವಿಗೆ ಪ್ರಯತ್ನಿಸುತ್ತಿದ್ದೇವೆ, ಆಗಿಲ್ಲ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆ. ಬಿಪಿ, ಶುಗರ್ ಏನೂ ಇಲ್ಲ. ಎಎಂಎಚ್ ಎಂಬ ರಕ್ತಪರೀಕ್ಷೆಯಲ್ಲಿ ಮಾತ್ರ ಕಡಿಮೆ ಬಂದಿದೆ ಎಂದರು. ಒಬ್ಬ ಡಾಕ್ಟರು ಮೊದಲು ಐಯುಐ ಮಾಡಿ ನೋಡೋಣ ಎನ್ನುತ್ತಾರೆ. ಇನ್ನೊಬ್ಬರು ನೇರವಾಗಿ ಐವಿಎಫ್, ಅದೂ ದಾನಿಯ ಅಂಡಾಣುವಿನಿಂದ ಎನ್ನುತ್ತಾರೆ. ನನ್ನದೇ ಅಂಡಾಣುವಿನಿಂದ ಮಗು ಆಗುವ ಸಾಧ್ಯತೆ ಇದೆಯಾ? ಯಾರ ಮಾತು ಕೇಳಲಿ?

ಉತ್ತರ: ಸಾಧ್ಯತೆ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ "ನಲವತ್ತಾಯ್ತಲ್ಲ, ಇನ್ನೇನು" ಎನ್ನುವವರು ನಿಮ್ಮ ಸುತ್ತ ಬೇಕಾದಷ್ಟು ಜನ ಇರುತ್ತಾರೆ. ಆದರೆ ಆ ಸಾಧ್ಯತೆ ಸಣ್ಣದು, ತಿಂಗಳುಗಳು ಕಳೆದಂತೆ ಇನ್ನೂ ಸಣ್ಣದಾಗುತ್ತದೆ. ಇಪ್ಪತ್ತರ ಹರೆಯದಲ್ಲಿ ಒಂದು ತಿಂಗಳ ಪ್ರಯತ್ನದಲ್ಲಿ ಬಸಿರಾಗುವ ಸಾಧ್ಯತೆ ನೂರಕ್ಕೆ 25ರ ಆಸುಪಾಸು. 40ರಲ್ಲಿ ಅದು ನೂರಕ್ಕೆ 5ರಷ್ಟಕ್ಕೆ ಬಂದಿರುತ್ತದೆ.

ಐವಿಎಫ್ ಎಂದರೆ ಅಂಡಾಣುವನ್ನು ಹೊರತೆಗೆದು, ಲ್ಯಾಬಿನಲ್ಲಿ ವೀರ್ಯಾಣು ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ. ಅದನ್ನು ಮಾಡಿಸಿದರೆ ಇದೆಲ್ಲ ಸರಿಹೋಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಾಗುವುದಿಲ್ಲ. ಬ್ರಿಟನ್ನಿನಲ್ಲಿ ಎಲ್ಲ ಐವಿಎಫ್ ಕೇಂದ್ರಗಳೂ ತಮ್ಮ ಲೆಕ್ಕವನ್ನು ಎಚ್‌ಎಫ್‌ಇಎ ಎಂಬ ಪ್ರಾಧಿಕಾರಕ್ಕೆ ಕೊಡಲೇಬೇಕು. ಅದರ 2019ರ ಅಂಕಿಅಂಶ ನೋಡಿ. ಸ್ವಂತ ಅಂಡಾಣುವಿನ ಒಂದು ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟಾಗ ಮಗು ಹುಟ್ಟಿದ್ದು 35ಕ್ಕಿಂತ ಚಿಕ್ಕವರಲ್ಲಿ ನೂರಕ್ಕೆ 32. 40ರಿಂದ 42ರವರಲ್ಲಿ ನೂರಕ್ಕೆ 11. 43 ಆದ ಮೇಲೆ 5ಕ್ಕಿಂತ ಕಡಿಮೆ. ನೀವು ಈಗ ನಿಂತಿರುವುದು ನಡುವಿನ ಮೆಟ್ಟಿಲ ಮೇಲೆ. ಮುಂದಿನ ಮೆಟ್ಟಿಲಿಗೆ ಎರಡೇ ವರ್ಷ ದೂರ. ನಾನು ಮುಂದೆ ಹೇಳುವುದೆಲ್ಲ ಈ ಎರಡು ವರ್ಷದ ಸುತ್ತಲೇ ಇದೆ.

ವಯಸ್ಸು ಅಂಡಾಣುವಿಗೆ ಮಾಡುವುದಾದರೂ ಏನು? ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಶಯದಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು ಮೂರು, ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಹೊಸದು ಹುಟ್ಟುವುದಿಲ್ಲ. ಪ್ರತಿಯೊಂದು ಅಂಡಾಣುವೂ ತನ್ನ ವರ್ಣತಂತುಗಳನ್ನು (ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್‌ಗಳನ್ನು) ಪಾಲು ಮಾಡುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿಕೊಂಡು ಕಾಯುತ್ತಿರುತ್ತದೆ. ಆ ಕೆಲಸ ಮುಂದುವರಿಯುವುದು ಅಂಡಾಣು ಹೊರಬರುವ ತಿಂಗಳಲ್ಲಿ. ಅಂದರೆ ನಿಮ್ಮ ಅಂಡಾಣು ಈ ತಿಂಗಳು ಮುಗಿಸಬೇಕಾದ ಕೆಲಸ ಶುರುವಾಗಿದ್ದು ನೀವು ಹುಟ್ಟುವ ಮೊದಲು! ಇಷ್ಟು ವರ್ಷದಲ್ಲಿ ವರ್ಣತಂತುಗಳನ್ನು ಜೊತೆಗೆ ಹಿಡಿದಿಟ್ಟ ಪ್ರೋಟೀನುಗಳು ಹಳೆಯ ಹೊಲಿಗೆಯಂತೆ ಸಡಿಲವಾಗುತ್ತವೆ. ಪಾಲು ತಪ್ಪುತ್ತದೆ. ಒಂದು ವರ್ಣತಂತು ಜಾಸ್ತಿ ಬರುತ್ತದೆ, ಇಲ್ಲವೇ ಒಂದು ಕಡಿಮೆಯಾಗುತ್ತದೆ. ಅಂಥ ಭ್ರೂಣಗಳಲ್ಲಿ ಹೆಚ್ಚಿನವು ಅಂಟಿಕೊಳ್ಳುವುದೇ ಇಲ್ಲ, ಕೆಲವು ಅಂಟಿಕೊಂಡರೂ ನಿಲ್ಲುವುದಿಲ್ಲ. 40ರ ಹೊತ್ತಿಗೆ ಸುಮಾರು ಮೂರರಲ್ಲಿ ಒಂದು ಬಸಿರು ಇಳಿದುಹೋಗುವುದು ಬಹುಪಾಲು ಇದರಿಂದಲೇ. ನೀವು ಭಾರ ಎತ್ತಿದ್ದರಿಂದಲೋ, ಓಡಾಡಿದ್ದರಿಂದಲೋ, ಚಿಂತೆ ಮಾಡಿದ್ದರಿಂದಲೋ ಅಲ್ಲ. ಇದನ್ನು ದಯವಿಟ್ಟು ನಂಬಿ.

ಗರ್ಭಕೋಶದ ಕಥೆ ಬೇರೆ. ಅದಕ್ಕೆ ವಯಸ್ಸು ಇಷ್ಟು ಬೇಗ ತಟ್ಟುವುದಿಲ್ಲ. ಮುಟ್ಟು ನಿಂತವರಲ್ಲೂ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಕೊಟ್ಟು ಗರ್ಭಕೋಶವನ್ನು ಸಿದ್ಧಮಾಡಬಹುದು. ದಾನಿ ಅಂಡಾಣುವಿನ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ.

ಇನ್ನು ನಿಮ್ಮ ಎಎಂಎಚ್. ಈ ರಕ್ತಪರೀಕ್ಷೆ ಹೇಳುವುದು ಅಂಡಾಣುಗಳು ಎಷ್ಟು ಉಳಿದಿವೆ ಎಂಬುದನ್ನು ಮಾತ್ರ, ಅವು ಹೇಗಿವೆ ಎಂಬುದನ್ನಲ್ಲ. 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸವಿಲ್ಲದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಎಂಎಚ್ ಕಡಿಮೆ ಇದ್ದವರೂ ಉಳಿದವರಷ್ಟೇ ಸಹಜವಾಗಿ ಬಸಿರಾದರು. ಹಾಗಂತ ಈ ಪರೀಕ್ಷೆ ಸುಮ್ನೆ ಅಲ್ಲ. ಐವಿಎಫ್ ಇಂಜೆಕ್ಷನ್‌ಗೆ ಎಷ್ಟು ಅಂಡಾಣು ಸಿಗಬಹುದು ಎಂಬ ಅಂದಾಜು ಇದರಿಂದ ಸಿಗುತ್ತದೆ. ಎಎಂಎಚ್ ಒಂದನ್ನೇ ನೋಡಿ "ದಾನಿ ಅಂಡಾಣು ಬಿಟ್ಟು ಬೇರೆ ದಾರಿಯೇ ಇಲ್ಲ" ಎಂದರೆ ಮಾತ್ರ ಒಪ್ಪಬೇಡಿ.

ಈಗ ಐಯುಐ ವಿಚಾರ. ಗಂಡನ ವೀರ್ಯವನ್ನು ತೊಳೆದು ಗರ್ಭಕೋಶದೊಳಗೆ ಬಿಡುವ ಸರಳ ಚಿಕಿತ್ಸೆ ಇದು. ನೋವು ಕಡಿಮೆ, ಖರ್ಚೂ ಕಡಿಮೆ. ಆದರೆ ನಿಮ್ಮ ವಯಸ್ಸಿನಲ್ಲಿ ಫಲವೂ ಅಷ್ಟೇ ಕಡಿಮೆ. 38ರಿಂದ 42ರ ಹೆಂಗಸರನ್ನೇ ಆರಿಸಿಕೊಂಡ ಅಧ್ಯಯನವೊಂದು 2014ರಲ್ಲಿ ಬಂದಿತ್ತು. ಕೆಲವರಿಗೆ ಮೊದಲು ಐಯುಐ, ಕೆಲವರಿಗೆ ನೇರ ಐವಿಎಫ್. ಎರಡು ಸೈಕಲ್, ಅಂದರೆ ಎರಡು ಸುತ್ತಿನ ಚಿಕಿತ್ಸೆ, ಮುಗಿದಾಗ ಮಗು ಹುಟ್ಟುವವರೆಗೆ ನಿಂತ ಬಸಿರು ಐವಿಎಫ್ ಗುಂಪಿನಲ್ಲಿ ನೂರಕ್ಕೆ 31ರಷ್ಟು, ಐಯುಐ ಗುಂಪುಗಳಲ್ಲಿ 13ರಿಂದ 16ರಷ್ಟು. ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ನಿಮ್ಮ ಎರಡನೇ ಡಾಕ್ಟರ ಕಡೆ. ಐಯುಐ ಮಾಡಿ ನೋಡೋಣ ಎನ್ನುತ್ತ ಆರು ತಿಂಗಳು ಕಳೆಯುವಷ್ಟು ಸಮಯ ನಿಮ್ಮ ಬಳಿ ಇಲ್ಲ.

ಆದರೆ ನೇರವಾಗಿ ದಾನಿ ಅಂಡಾಣು ಎನ್ನುವುದು 41ಕ್ಕೆ ಆತುರವಾಯಿತು ಎಂದು ನನಗನ್ನಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದಲ್ಲಿ ಅಂಡಾಣು ಬೆಳೆಯುವ ಸಣ್ಣ ಚೀಲಗಳು ಕೆಲವಾದರೂ ಕಾಣುತ್ತಿದ್ದರೆ, ಸ್ವಂತ ಅಂಡಾಣುವಿನಿಂದ ಒಂದು ಪ್ರಯತ್ನ ಮಾಡಲು ಅರ್ಥವಿದೆ. ಆ ಪ್ರಯತ್ನ ಹೇಗಿರುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದುಕೊಂಡು ಹೋಗಿ.

ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನಿಂಗ್. ಅಲ್ಲಿಂದ ಹತ್ತು, ಹನ್ನೆರಡು ದಿನ ದಿನವೂ ಹೊಟ್ಟೆಗೆ ಇಂಜೆಕ್ಷನ್, ಹಲವು ಅಂಡಾಣು ಒಟ್ಟಿಗೆ ಬೆಳೆಯಲಿ ಎಂದು. ಕೊನೆಗೆ ಅಂಡಾಣು ಬಲಿಯಲು ಕೊಡುವ ಟ್ರಿಗರ್ ಇಂಜೆಕ್ಷನ್, ಅದನ್ನು ಹೇಳಿದ ಗಂಟೆಗೇ ತೆಗೆದುಕೊಳ್ಳಬೇಕು, ಯಾಕೆಂದರೆ ಅದಾಗಿ ಸುಮಾರು 36 ಗಂಟೆಗೆ ಸರಿಯಾಗಿ ಅಂಡಾಣು ಹೊರತೆಗೆಯುತ್ತಾರೆ. ಮಂಪರು ಬರಿಸಿ ಮಾಡುವುದರಿಂದ ಆಗ ನೋವು ಗೊತ್ತಾಗುವುದಿಲ್ಲ. ಎದ್ದಾಗ "ಏಳು ಅಂಡಾಣು ಸಿಕ್ಕಿವೆ" ಎನ್ನುತ್ತಾರೆ, ಖುಷಿಯಾಗುತ್ತದೆ. ಸ್ವಲ್ಪ ಹೊತ್ತಿಗೆ, ಬಲಿತವು ಐದು. ಮರುದಿನ ಫೋನ್ ಬರುತ್ತದೆ, ವೀರ್ಯಾಣು ಸೇರಿ ಫಲಿಸಿದ್ದು ನಾಲ್ಕು. ಮೂರನೇ ದಿನ ನಾಲ್ಕೂ ಬೆಳೆಯುತ್ತಿವೆ. ಐದನೇ ದಿನ, ಗರ್ಭಕೋಶಕ್ಕೆ ಬಿಡಲು ತಕ್ಕಷ್ಟು ಬೆಳೆದ ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿದ್ದು ಒಂದೋ ಎರಡೋ. 41ರಲ್ಲಿ ಆ ಹಂತ ಮುಟ್ಟಿದ ಭ್ರೂಣಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಣತಂತು ದೋಷ ಇರುತ್ತದೆ. ಏಳರಿಂದ ಶುರುವಾಗಿ ಒಂದಕ್ಕೆ, ಕೆಲವೊಮ್ಮೆ ಸೊನ್ನೆಗೆ ಬಂದು ನಿಂತಾಗ ಏನೋ ತಪ್ಪಾಯಿತು ಅನ್ನಿಸುತ್ತದೆ. ತಪ್ಪೇನೂ ಆಗಿರುವುದಿಲ್ಲ. ಈ ವಯಸ್ಸಿನಲ್ಲಿ ಹೀಗಾಗುವುದು ಸಾಮಾನ್ಯ. ಅದಕ್ಕೇ ಕೆಲವು ಡಾಕ್ಟರು ಎರಡು ಮೂರು ಸೈಕಲ್ ಬೆನ್ನುಬೆನ್ನಿಗೆ ಮಾಡಿ, ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು, ಆಮೇಲೆ ಒಂದೊಂದಾಗಿ ಗರ್ಭಕೋಶಕ್ಕೆ ಬಿಡುತ್ತಾರೆ. ನಿಮ್ಮಂಥವರಿಗೆ ಇದು ಯೋಚಿಸಬೇಕಾದ ದಾರಿ.

ಭ್ರೂಣದ ವರ್ಣತಂತು ಪರೀಕ್ಷೆ, ಅಂದರೆ ಪಿಜಿಟಿ-ಎ, ಬೇಕಾ ಎಂದೂ ಕೇಳುತ್ತಾರೆ. ಅದು ಇರುವ ಭ್ರೂಣವನ್ನು ಉತ್ತಮ ಮಾಡುವುದಿಲ್ಲ, ಆರಿಸಲು ನೆರವಾಗುತ್ತದೆ ಅಷ್ಟೆ. ನಾಲ್ಕೈದು ಭ್ರೂಣಗಳಿದ್ದರೆ ವ್ಯರ್ಥ ಕಾಯುವಿಕೆ ತಪ್ಪುತ್ತದೆ, ಗರ್ಭಪಾತದ ನೋವೂ ಕಡಿಮೆಯಾಗಬಹುದು. ಇರುವುದು ಒಂದೇ ಭ್ರೂಣ ಎಂದಾದರೆ ಅದರ ಲಾಭ ತೀರಾ ಕಡಿಮೆ.

ಇದರ ಜೊತೆಗೆ ಅದೂ ಇದೂ ಸೇರಿಸಿ ಬಿಲ್ ಬೆಳೆಸುವ ಚಿಕಿತ್ಸೆಗಳಿವೆಯಲ್ಲ, ಅವುಗಳ ಬಗ್ಗೆ ನನಗೆ ಸಿಟ್ಟೇ ಇದೆ. ಗರ್ಭಕೋಶದ ಒಳಪದರವನ್ನು ಕೆರೆಯುವುದರಿಂದ ಉಪಯೋಗವಿಲ್ಲ ಎಂದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂಡಾಶಯಕ್ಕೆ ಪಿಆರ್‌ಪಿ (ನಿಮ್ಮದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಚುಚ್ಚಿ ಅದನ್ನು ಎಳೆಯದಾಗಿಸುತ್ತೇವೆ ಎನ್ನುವ ಮಾತಿಗೂ ಗಟ್ಟಿ ಆಧಾರ ಇಲ್ಲ. ಮಗುವಿಗಾಗಿ ಹಂಬಲಿಸುತ್ತಿರುವವರು ಏನು ಹೇಳಿದರೂ ಹೂಂ ಎನ್ನುತ್ತಾರೆ, ಅಲ್ವಾ? ಅಂಥವರ ಮುಂದೆ ಇಂಥದ್ದನ್ನು ಇಡುವುದು ಸರಿಯಲ್ಲ. "ಇದರಿಂದ ಮಗು ಹುಟ್ಟುವ ಸಾಧ್ಯತೆ ಹೆಚ್ಚಾಗುತ್ತದೆ ಎನ್ನಲು ಆಧಾರ ಏನು?" ಎಂದು ಕೇಳಲು ಹಿಂಜರಿಯಬೇಡಿ.

ಆಸ್ಪತ್ರೆಯವರು "ನಮ್ಮಲ್ಲಿ ನೂರಕ್ಕೆ 60 ಯಶಸ್ಸು" ಎಂದರೂ ಹಾಗೆಯೇ ಬಿಡಿಸಿ ಕೇಳಿ. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದಿದ್ದೋ, ಮಗು ಹುಟ್ಟಿದ್ದೋ? ಇಂಜೆಕ್ಷನ್ ಶುರುಮಾಡಿದ ಎಲ್ಲರನ್ನೂ ಲೆಕ್ಕ ಹಿಡಿದಿದ್ದಾರೋ, ಭ್ರೂಣ ಬಿಡುವ ಹಂತ ಮುಟ್ಟಿದವರನ್ನು ಮಾತ್ರವೋ? ಸ್ವಂತ ಅಂಡಾಣುವೋ, ದಾನಿಯದೂ ಸೇರಿದೆಯೋ? ನಿಮಗೆ ಬೇಕಿರುವುದು 41, 42ರ ಹೆಂಗಸರಲ್ಲಿ, ಸ್ವಂತ ಅಂಡಾಣುವಿನಿಂದ, ಶುರುಮಾಡಿದ ಪ್ರತಿ ಸೈಕಲ್‌ಗೆ ಹುಟ್ಟಿದ ಮಕ್ಕಳ ಲೆಕ್ಕ. ಅದನ್ನು ಕೊಡಲು ತಡವರಿಸಿದರೆ ಇನ್ನೊಂದು ಕಡೆ ವಿಚಾರಿಸಿ.

ದಾನಿ ಅಂಡಾಣುವಿನ ಬಗ್ಗೆಯೂ ಮನಸ್ಸು ತೆರೆದಿಟ್ಟುಕೊಂಡೇ ಇರಿ. ಅಲ್ಲಿ ಲೆಕ್ಕಕ್ಕೆ ಬರುವುದು ದಾನಿಯ ವಯಸ್ಸು. ಹೊರುವವರಿಗೆ 38 ಆಗಿರಲಿ, 44 ಆಗಿರಲಿ, ಪ್ರತಿ ಭ್ರೂಣಕ್ಕೆ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ 30ರ ಆಸುಪಾಸಿನಲ್ಲೇ ಇರುತ್ತದೆ. 48, 50ರಲ್ಲಿ ಹೆತ್ತವರ ಸುದ್ದಿ ಓದುತ್ತೀರಲ್ಲ, ಅವರಲ್ಲಿ ಹೆಚ್ಚಿನವರು ದಾನಿಯ ಅಂಡಾಣುವನ್ನೋ, ಚಿಕ್ಕ ವಯಸ್ಸಿನಲ್ಲಿ ಫ್ರೀಜ್ ಮಾಡಿಟ್ಟದ್ದನ್ನೋ ಬಳಸಿರುತ್ತಾರೆ. ಸುದ್ದಿಯಲ್ಲಿ ಅದು ಬರುವುದಿಲ್ಲ, ಓದಿದವರು ತಮಗೂ ಸಮಯವಿದೆ ಎಂದುಕೊಳ್ಳುತ್ತಾರೆ. ಅಂಡಾಣುವಿನ ವಂಶವಾಹಿ ದಾನಿಯದು, ಹೊತ್ತು ಹೆರುವವರು ನೀವು. ಮಗುವಿಗೆ ಇದನ್ನು ಮುಂದೆ ಹೇಳುವುದೋ ಬಿಡುವುದೋ, ಮನೆಯವರಿಗೆ ತಿಳಿಸುವುದೋ ಬೇಡವೋ ಎಂಬುದನ್ನು ಗಂಡಹೆಂಡತಿ ಕೂತು ಮಾತಾಡಿ, ಆಪ್ತಸಲಹೆಗಾರರನ್ನೂ ನೋಡಿ, ಆಮೇಲೆ ನಿರ್ಧರಿಸಿ. ಇದಕ್ಕೆ ದಾನಿಯ ಮತ್ತು ಹೊರುವವರ ವಯಸ್ಸಿನ ಕಾನೂನು ಮಿತಿಗಳೂ ದೇಶದಿಂದ ದೇಶಕ್ಕೆ ಬೇರೆ ಇರುತ್ತವೆ.

ನಿಮ್ಮ ಪತ್ರದಲ್ಲಿ ಯಜಮಾನರ ಪರೀಕ್ಷೆಯ ಮಾತೇ ಇಲ್ಲ. ವೀರ್ಯಪರೀಕ್ಷೆ ಇದೇ ವಾರ ಆಗಲಿ. ಮಕ್ಕಳಾಗದ ದಂಪತಿಗಳಲ್ಲಿ ಗಂಡಸಿನ ಕಡೆಯ ತೊಂದರೆ ತುಂಬಾ ಸಾಮಾನ್ಯ, ಆದರೂ ಪರೀಕ್ಷೆಗಳೆಲ್ಲ ಹೆಂಡತಿಗೇ ಮೊದಲು ಆಗುತ್ತವೆ. ನಿಮಗೂ ಗರ್ಭನಾಳ, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಲೇ ಶುರುವಾಗಲಿ.

40 ದಾಟಿದ ಬಸಿರಿನಲ್ಲಿ ಬಿಪಿ ಏರುವುದು, ಶುಗರ್ ಬರುವುದು, ಸಿಸೇರಿಯನ್ ಆಗುವುದು ಜಾಸ್ತಿ. ದಾನಿ ಅಂಡಾಣುವಿನ ಬಸಿರಿನಲ್ಲಿ ಬಿಪಿಯ ತೊಂದರೆ ಇನ್ನೂ ಸ್ವಲ್ಪ ಹೆಚ್ಚು. ಅವಳಿ ಮಕ್ಕಳಾದರೆ ಎಲ್ಲವೂ ದುಪ್ಪಟ್ಟು ಕಷ್ಟ. ಹಾಗಾಗಿ "ಎರಡು ಭ್ರೂಣ ಬಿಡೋಣ, ಒಂದಾದರೂ ನಿಲ್ಲುತ್ತದೆ" ಎಂದರೆ ಅದರ ಅಪಾಯವನ್ನೂ ಕೇಳಿ ತಿಳಿದುಕೊಳ್ಳಿ.

ಕೊನೆಗೆ, ಎಷ್ಟು ಸಲ ಪ್ರಯತ್ನಿಸುವುದು? ಇದನ್ನು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಇಬ್ಬರೂ ಮಾತಾಡಿ ಗೊತ್ತುಮಾಡಿಕೊಳ್ಳಿ, ನಡುವೆ ಕೂತು ನಿರ್ಧರಿಸುವುದು ತುಂಬಾ ಕಷ್ಟ. ಮೊದಲ ಸೈಕಲ್‌ನಲ್ಲಿ ಮಗು ಆಗದಿದ್ದರೂ ಮಾಹಿತಿ ಸಿಗುತ್ತದೆ. ಅಂಡಾಣು ಐದಾರು ಬಂದು ಒಂದಾದರೂ ಬ್ಲಾಸ್ಟೊಸಿಸ್ಟ್ ಆಗಿದ್ದರೆ, ಇನ್ನೊಂದು ಎರಡು ಸೈಕಲ್‌ಗೆ ಕಾರಣವಿದೆ. ಪೂರ್ತಿ ಡೋಸ್ ಕೊಟ್ಟೂ ಒಂದೆರಡೇ ಬಂದು, ಯಾವುದೂ ಐದನೇ ದಿನ ಮುಟ್ಟದಿದ್ದರೆ, ದಾನಿ ಅಂಡಾಣುವಿನ ಮಾತನ್ನು ಆಗ ಎತ್ತಿಕೊಳ್ಳಿ. ದತ್ತು ತೆಗೆದುಕೊಳ್ಳುವ ಯೋಚನೆ ಇದ್ದರೆ ಅದಕ್ಕೂ ವಯಸ್ಸಿನ ಮಿತಿ, ಕಾಯುವ ಪಟ್ಟಿ ಇರುತ್ತವೆ. ಚಿಕಿತ್ಸೆ ಮುಗಿಯುವವರೆಗೆ ಕಾಯದೆ ಈಗಲೇ ವಿಚಾರಿಸಿಡಿ.