ಪಿಸಿಎಂಬಿ ಮೇಲೆ ನೀಟ್, ಜೆಇಇ, ಸಿಇಟಿ: ಯಾವುದನ್ನು ಬಿಡಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಕಲಬುರಗಿಯ ಪಿಯು ಕಾಲೇಜುಗಳಲ್ಲಿ ಪಿಸಿಎಂಬಿಗೆ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ, ಸಾಲು ನಿಲ್ಲುತ್ತದೆ. "ಗಣಿತನೂ ಇರ್ಲಿ, ಬಯಾಲಜಿನೂ ಇರ್ಲಿ ಸರ್. ಎರಡೂ ಕೈಯಾಗ ಇದ್ರ ಚಲೋ ಅಲ್ರೀ?" ಎನ್ನುತ್ತಾರೆ ಪಾಲಕರು. ಅದರಲ್ಲಿ ತಪ್ಪೇನೂ ಇಲ್ಲ. ಎರಡು ಭಾಷೆ, ನಾಲ್ಕು ವಿಷಯ. ಇಷ್ಟನ್ನು ಸಾಧಾರಣ ಓದಿನ ಮಕ್ಕಳೂ ನಿಭಾಯಿಸುತ್ತಾರೆ. ಅದರ ಮೇಲೆ ವೈದ್ಯಕೀಯದ ನೀಟ್, ಎಂಜಿನಿಯರಿಂಗ್‌ನ ಜೆಇಇ, ರಾಜ್ಯದ ಸಿಇಟಿ ಈ ಮೂರೂ ಪ್ರವೇಶ ಪರೀಕ್ಷೆಗಳನ್ನು ಹೇರಿದಾಗಲೇ ಮಕ್ಕಳು ಕುಸಿಯುತ್ತಾರೆ. ಭೌತಶಾಸ್ತ್ರ ಕಲಿಸುವ ನಾನು ವರ್ಷವರ್ಷವೂ ನೋಡುವುದು ಇದನ್ನೇ.

ಪಠ್ಯ ಬಹುಪಾಲು ಒಂದೇ, ಹಾಗಾಗಿ ಒಂದು ಓದಿದರೆ ಎಲ್ಲ ಓದಿದಂತೆ ಎಂಬ ನಂಬಿಕೆ ಇದೆ. ಆದರೆ ಪ್ರತಿ ಪರೀಕ್ಷೆಗೂ ಅಭ್ಯಾಸ ಬೇರೆ. ಬೋರ್ಡ್ ಪರೀಕ್ಷೆಯಲ್ಲಿ ಚಿತ್ರ ಬರೆದು, ಹಂತಹಂತವಾಗಿ ಸೂತ್ರ ಸಾಧಿಸಿ ತೋರಿಸಬೇಕು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ತಪ್ಪಿದರೆ ಒಂದು ಅಂಕ ಹೋಗುತ್ತದೆ. ಅಲ್ಲಿನ 720 ಅಂಕದಲ್ಲಿ 360 ಜೀವಶಾಸ್ತ್ರದ್ದೇ. ಎಂಜಿನಿಯರಿಂಗ್‌ನ ಜೆಇಇ ಮೇನ್‌ನಲ್ಲಿ ಜೀವಶಾಸ್ತ್ರದ ಸುಳಿವೇ ಇಲ್ಲ, ಮೂರರಲ್ಲಿ ಒಂದು ಪಾಲು ಗಣಿತ. ಸಂಜೆಯೆಲ್ಲ ಜೆಇಇ ಮಟ್ಟದ ಲೆಕ್ಕ ಬಿಡಿಸಿದ ಹುಡುಗಿ ಜೀವಶಾಸ್ತ್ರವನ್ನು ಯಾವಾಗ ಓದಬೇಕು?

ಅದಕ್ಕೇ ಮೊದಲ ವರ್ಷದ ದೀಪಾವಳಿ ಹೊತ್ತಿಗಾದರೂ ಒಂದನ್ನು ಮುಖ್ಯ ಮಾಡಿಕೊಳ್ಳಿ ಎನ್ನುತ್ತೇನೆ. ಎಂಬಿಬಿಎಸ್ ಬೇಕಿದ್ದರೆ ಜೆಇಇ ಬಿಟ್ಟುಬಿಡಿ, ಗಣಿತ ಬೋರ್ಡ್ ಮಟ್ಟಕ್ಕೆ ಸಾಕು. ಎಂಜಿನಿಯರಿಂಗ್ ಬೇಕಿದ್ದರೆ ನೀಟ್ ಬಿಡಿ. ಆದರೆ ಕಾಲೇಜು ಪಾಠ ಬಿಟ್ಟು ಕೋಚಿಂಗಿಗೆ ಮಾತ್ರ ಹೋಗುವುದು ಬೇಡ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಲೆಕ್ಕ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು.

ನಮ್ಮ ಭಾಗದವರು ಇನ್ನೊಂದನ್ನೂ ನೆನಪಿಡಬೇಕು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟುಗಳಲ್ಲಿ ಮೀಸಲಾತಿ ಇದೆ. ಒಂದು ತಪ್ಪಿದರೆ ಇನ್ನೊಂದಿರಲಿ ಅಂತ ಹೆದರಿ ಎಲ್ಲ ಪರೀಕ್ಷೆಗೂ ಕೈಹಾಕುವ ಮೊದಲು ಅದನ್ನು ಲೆಕ್ಕಕ್ಕೆ ತಗೊಳ್ಳಿ. ಈ ಮೀಸಲಾತಿಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಪರೀಕ್ಷೆ ಹೊತ್ತಲ್ಲಿ ಕಚೇರಿ ಅಲೆದಾಟ ಬೇಡ.

ಹೊರೆ ಜಾಸ್ತಿ ಆಗಿದೆಯೇ ಎಂದು ತಿಳಿಯಲು ನಾನು ಮಕ್ಕಳಿಂದ ನಿನ್ನೆಯ ದಿನವನ್ನು ಗಂಟೆ ಗಂಟೆಯಾಗಿ ಬರೆಸುತ್ತೇನೆ. ಶಹಾಬಾದ್, ಆಳಂದ ಕಡೆಯಿಂದ ಓಡಾಡುವವರ ಹಾಳೆ ನೋಡಿದರೆ ಸಂಕಟವಾಗುತ್ತದೆ. ಬಸ್ಸು, ಕಾಲೇಜು, ಕೋಚಿಂಗ್, ಮತ್ತೆ ಬಸ್ಸು. ತಾನೇ ಕೂತು ಓದುವ ಸಮಯ ಎಲ್ಲೂ ಇಲ್ಲ! ಪಾಠ ಕೇಳಿದ್ದು ಕಲಿತಂತಲ್ಲ. ಏಳು ಗಂಟೆ ನಿದ್ದೆ, ಎರಡು-ಮೂರು ಗಂಟೆ ಸ್ವಂತ ಓದು ಉಳಿಯದಿದ್ದರೆ ಒಂದು ಟ್ಯೂಷನ್ ತೆಗೆಯಲೇಬೇಕು. ಒಂದೇ ವಿಷಯಕ್ಕೆ ಕಾಲೇಜು, ಕೋಚಿಂಗ್, ಮನೆಪಾಠ ಮೂರೂ ಇದ್ದರೆ ಕತ್ತರಿ ಅಲ್ಲೇ ಹಾಕಿ.

ಕನ್ನಡ ಮಾಧ್ಯಮದಿಂದ ಬಂದವರ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಅವರು ಲೆಕ್ಕ ಬಾರದೆ ಬಿಡುವುದಲ್ಲ, ಪ್ರಶ್ನೆ ಅರ್ಥವಾಗದೆ ಬಿಡುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳಿದರೆ ಸರಸರನೆ ಮಾಡಿ ತೋರಿಸುತ್ತಾರೆ. ಮೊದಲ ನಾಲ್ಕು ತಿಂಗಳು ಅವರನ್ನು ಕೋಚಿಂಗಿಗೆ ಸೇರಿಸಬೇಡಿ, ಇಂಗ್ಲಿಷ್ ಪಠ್ಯ ರೂಢಿಯಾಗಲಿ. ನೀಟ್ ಅರ್ಜಿಯಲ್ಲಿ ಕನ್ನಡ ಆರಿಸಿಕೊಳ್ಳಬಹುದು, ಆಗ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಸಿಗುತ್ತದೆ. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ಕೊನೆಗೆ ಪಾಲಕರಿಗೆ. ಮಗು ಇಷ್ಟದ ವಿಷಯದಲ್ಲೇ ಅಂಕ ಕಳೆದುಕೊಳ್ಳುತ್ತಿದ್ದರೆ, ರಾತ್ರಿ ನಿದ್ದೆ ಬಾರದಿದ್ದರೆ, ಊಟ ಕಡಿಮೆಯಾದರೆ ಸೋಮಾರಿ ಎಂದು ಬೈಯಬೇಡಿ. ಆ ವಾರವೇ ಕಾಲೇಜಿಗೆ ಬಂದು ಅಧ್ಯಾಪಕರ ಜೊತೆ ಮಾತಾಡಿ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.