ಫ್ರೆಶ್ ನೀರಿನ ವಿರುದ್ಧ ಪದ ಯಾವುದು?

ಅಘನಾಶಿನಿ ಕಡಲು ಸೇರುವ ಅಳಿವೆಯ ಹತ್ತಿರ, ಕುಮಟಾ ತಾಲ್ಲೂಕಿನ ಒಂದು ಊರಿನಲ್ಲಿ ನಮ್ಮ ನೆಂಟರ ಮನೆಯಿದೆ. ಆ ಮನೆಯ ಹುಡುಗಿ ಏಳನೇ ತರಗತಿಯಲ್ಲಿ ಓದುತ್ತಾಳೆ. ಕಳೆದ ಮಳೆಗಾಲದಲ್ಲಿ ಅವಳ ಇಂಗ್ಲಿಷ್ ನೋಟ್‌ಬುಕ್ ತಿರುವಿ ಹಾಕುತ್ತಿದ್ದಾಗ ಒಂದು ವಾಕ್ಯದ ಕೆಳಗೆ ಕೆಂಪು ಶಾಯಿಯ ಗೆರೆ ಕಂಡಿತು. ಕಡಲ ಉಬ್ಬರ ಒಳನುಗ್ಗುವ ತಗ್ಗಿನ ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ; ಆ ಗದ್ದೆಯ ನೀರು ಉಪ್ಪು ಎಂದು ಹೇಳಲು ಹೊರಟವಳು ಅದನ್ನು ‘ಸ್ಟೇಲ್ ವಾಟರ್’ ಎಂದು ಬರೆದಿದ್ದಳು. ಪಾಠದ ಕೊನೆಯ ಪಟ್ಟಿಯಲ್ಲಿ ಫ್ರೆಶ್ ಎಂಬುದರ ವಿರುದ್ಧ ಪದ ಸ್ಟೇಲ್, ಅಂದರೆ ಹಳಸಿದ್ದು, ಎಂದು ಕೊಟ್ಟಿತ್ತು, ಸಿಹಿನೀರಿಗೆ ಫ್ರೆಶ್ ವಾಟರ್ ಎನ್ನುತ್ತಾರೆಂಬುದು ಅವಳಿಗೆ ವಿಜ್ಞಾನದ ಪಾಠದಿಂದ ಗೊತ್ತಿತ್ತು, ಎರಡನ್ನೂ ಕೂಡಿಸಿದಳು. ಅವಳ ತರ್ಕದಲ್ಲಿ ನನಗಂತೂ ಲೋಪ ಕಾಣಲಿಲ್ಲ. ಲೋಪವಿದ್ದದ್ದು ಪಟ್ಟಿಯಲ್ಲಿ.

ನಮ್ಮ ಭಾಷೆಯಲ್ಲಿ ಸಿಹಿನೀರಿಗೆ ಎದುರು ಉಪ್ಪುನೀರು, ಹಸಿ ಮೀನಿಗೆ ಎದುರು ಒಣ ಮೀನು, ಆಗಷ್ಟೇ ಬಸಿದ ಅನ್ನಕ್ಕೆ ಎದುರು ತಂಗಳು. ಸಿಹಿ, ಹಸಿ, ಆಗಷ್ಟೇ ಮಾಡಿದ್ದು ಎಂಬ ಈ ಮೂರನ್ನೂ ಇಂಗ್ಲಿಷ್ ಒಂದೇ ಫ್ರೆಶ್ ಎಂಬ ಪದದಲ್ಲಿ ತುಂಬಿಡುತ್ತದೆ. ಆದರೆ ಅದರ ವಿರುದ್ಧ ಪದ ಮಾತ್ರ ಜೊತೆಗಿರುವ ನಾಮಪದವನ್ನು ನೋಡಿಕೊಂಡೇ ಬರುತ್ತದೆ: ಬ್ರೆಡ್ಡಿಗೆ ಸ್ಟೇಲ್, ನೀರಿಗೆ ಸಾಲ್ಟ್, ಮೀನಿಗೆ ಡ್ರೈಡ್ ಅಥವಾ ಫ್ರೋಜನ್. ಉಪ್ಪುನೀರಿನಲ್ಲೂ ತಾಳಿಕೊಂಡು ಬೆಳೆಯುವ ಕಗ್ಗ ಭತ್ತವನ್ನು ಮನೆಯ ಹಿಂದೆಯೇ ನೋಡಿದ ಮಗುವಿಗೆ ಈ ವ್ಯತ್ಯಾಸ ವಸ್ತುವಿನ ಮಟ್ಟದಲ್ಲಿ ಚೆನ್ನಾಗಿ ಗೊತ್ತಿದೆ. ಅವಳಿಗೆ ಸಿಗದೆ ಹೋದದ್ದು ಪದದ ಒಡನಾಟ.

ಪದ ಕಲಿಸುವಾಗ ನಾವು ಮಕ್ಕಳ ಕೈಗೆ ಮೂರು ಸಲಕರಣೆ ಕೊಡುತ್ತೇವೆ: ಅರ್ಥವಿವರಣೆ, ಸಮಾನಾರ್ಥಕ ಪದ, ವಿರುದ್ಧ ಪದ. ಮೂರೂ ಒಳ್ಳೆಯವೇ, ಆದರೆ ಯಾವುದು ಮೊದಲು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ಅರ್ಥವಿವರಣೆಯನ್ನೇ ಮೊದಲು ನೋಡೋಣ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ನಿಘಂಟು ನೋಡಿ ಹೊಸ ಪದಗಳಿಗೆ ಶಾಲಾ ಮಕ್ಕಳು ಬರೆದ ವಾಕ್ಯಗಳನ್ನು ಕೊಟ್ಟಿದ್ದಾರೆ. ಇರೋಡ್ ಎಂಬ ಪದಕ್ಕೆ ನಿಘಂಟು ಕೊಟ್ಟ ಅರ್ಥಗಳಲ್ಲಿ ‘ಈಟ್ ಔಟ್’ ಎಂಬುದೂ ಇತ್ತು. ಕೊರೆದು ತಿನ್ನು ಎಂಬುದು ನಿಘಂಟಿನ ಇಂಗಿತ. ಆದರೆ ಮಾತಿನ ಬಳಕೆಯಲ್ಲಿ ಅದಕ್ಕೆ ಹೊರಗೆ ಹೋಗಿ ಊಟ ಮಾಡು ಎಂಬ ಅರ್ಥವಿದೆ. ಹಾಗಾಗಿ ಒಂದು ಮಗು, ನಮ್ಮ ಮನೆಯವರು ತುಂಬಾ ಇರೋಡ್ ಮಾಡುತ್ತಾರೆ ಎಂದು ಬರೆಯಿತು. ಮೆಟಿಕ್ಯುಲಸ್ ಎಂದರೆ ಬಹಳ ಎಚ್ಚರಿಕೆಯುಳ್ಳ ಎಂದು ಓದಿದ ಇನ್ನೊಂದು ಮಗು, ಕಡಿದಾದ ಬಂಡೆಯಿಂದ ಬೀಳದ ಹಾಗೆ ತಾನು ಮೆಟಿಕ್ಯುಲಸ್ ಆಗಿದ್ದೆ ಎಂದಿತು. ಆದರೆ ಆ ಪದ ಸಲ್ಲುವುದು ಕೆಲಸದ ಸಣ್ಣಪುಟ್ಟ ವಿವರಗಳಲ್ಲಿ ತೋರುವ ಎಚ್ಚರಿಕೆಗೆ. ಇವರಿಗೆ ಇಂಗ್ಲಿಷ್ ಮನೆಮಾತು ಎಂಬುದನ್ನು ಮರೆಯಬಾರದು. ವಿವರಣೆಯಲ್ಲಿ ಪರಿಚಿತವಾದ ಒಂದು ತುಣುಕನ್ನು ಹಿಡಿದುಕೊಂಡು, ಅದರಿಂದ ವಾಕ್ಯ ಕಟ್ಟಿ, ಆ ತುಣುಕಿನ ಜಾಗದಲ್ಲಿ ಹೊಸ ಪದವನ್ನು ಕೂರಿಸಿಬಿಡುವುದು ಈ ವಯಸ್ಸಿನ ಮಕ್ಕಳ ಸಹಜ ಕ್ರಮ. ನಮ್ಮ ಹುಡುಗಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಇದೇ ಇರೋಡ್ ಪದವನ್ನು ಕರಾವಳಿಯ ಮಗುವಿಗೆ ಬೇರೆ ದಾರಿಯಿಂದ ಕಲಿಸಬಹುದು. ಕಡಲ್ಕೊರೆತ ಎಂಬ ಪದ ಅದಕ್ಕೆ ಗೊತ್ತು. ಮಳೆಗಾಲದಲ್ಲಿ ದಡಕ್ಕೆ ಕಲ್ಲು ತಂದು ಸುರಿಯುವುದನ್ನು, ತೆಂಗಿನ ಮರ ಬೇರು ಹೊರಬಿದ್ದು ನೀರಿನತ್ತ ವಾಲುವುದನ್ನು ಅದು ನೋಡಿದೆ. ಕೊರೆಯುವುದು ಕಡಲು, ಹೊಳೆ, ಮಳೆ ಅಥವಾ ಗಾಳಿ. ಕೊರೆಸಿಕೊಳ್ಳುವುದು ಮಣ್ಣು, ದಡ, ಬಂಡೆ. ಕೆಲಸ ನಡೆಯುವುದು ನಿಧಾನವಾಗಿ. ಇಷ್ಟನ್ನು ಹೇಳಿದರೆ ಮನೆಯವರು ಇರೋಡ್ ಮಾಡುವ ಪ್ರಸಂಗವೇ ಬರುವುದಿಲ್ಲ. ನಿಘಂಟುಕಾರರೂ ಈ ಸಮಸ್ಯೆಯ ಜೊತೆ ಸೆಣಸಿದ್ದಾರೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಮೈಕೆಲ್ ವೆಸ್ಟ್ 1935ರಲ್ಲಿ ತಂದ ನಿಘಂಟಿನಲ್ಲಿ, ವಿವರಣೆಗೆ ಬಳಸಿದ ಪದಗಳನ್ನು 1,490ಕ್ಕೆ ಮಿತಿಗೊಳಿಸಲಾಗಿತ್ತು. 1987ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಬಂದ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಗಿ, ಯಾರು ಯಾವುದನ್ನು ಏನು ಮಾಡುತ್ತಾರೆ ಎಂಬುದು ಗೊತ್ತಾಗುವಂತೆ ಪೂರ್ಣ ವಾಕ್ಯದಲ್ಲೇ ಅರ್ಥ ಕೊಟ್ಟಿತು. ನನ್ನ ಮಟ್ಟಿಗೆ ಮಕ್ಕಳ ಕೈಗೆ ಕೊಡಬೇಕಾದದ್ದು ಈ ಬಗೆಯ ನಿಘಂಟನ್ನು.

ಸಮಾನಾರ್ಥಕಗಳ ತೊಂದರೆ ಬೇರೆಯದು. ಒಂದೇ ಬಗೆಯ ಪದಗಳನ್ನು ಒಟ್ಟಿಗೆ ಕಲಿತರೆ ಸುಲಭವೆಂದು ನಮಗೆ ತೋರುತ್ತದೆ, ಪಠ್ಯಪುಸ್ತಕಗಳೂ ಹಾಗೆಯೇ ಜೋಡಿಸುತ್ತವೆ. ಆದರೆ ಭಾಷಾಕಲಿಕೆಯ ಸಂಶೋಧಕ ಥಾಮಸ್ ಟಿಂಕಮ್ 1993ರಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಅರ್ಥದಲ್ಲಿ ಹತ್ತಿರವಿರುವ ಪದಗಳ ಗುಂಪನ್ನು ಕಲಿಯಲು ಪರಸ್ಪರ ಸಂಬಂಧವಿಲ್ಲದ ಪದಗಳ ಗುಂಪಿಗಿಂತ ಹೆಚ್ಚು ಪ್ರಯತ್ನ ಬೇಕಾಯಿತು. 1997ರಲ್ಲಿ ರಾಬ್ ವೇರಿಂಗ್ ಜಪಾನಿ ಭಾಷಿಕರೊಂದಿಗೆ ಅದನ್ನು ಮತ್ತೆ ಮಾಡಿ ನೋಡಿದಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು. ಅರ್ಧಂಬರ್ಧ ನೆನಪಿರುವ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ಶೋರ್, ಕೋಸ್ಟ್, ಬೀಚ್, ಬ್ಯಾಂಕ್ ಎಂಬ ನಾಲ್ಕನ್ನೂ ‘ದಡ’ ಎಂಬ ಒಂದೇ ತಲೆಬರಹದ ಕೆಳಗೆ ಬರೆಸಿದರೆ ಮಗು ಕಡಲಿಗೂ ಬ್ಯಾಂಕ್ ಹಚ್ಚುತ್ತದೆ. ಕಾರವಾರದ ಮಗುವಿಗೆ ಕೋಸ್ಟ್ ಗಾರ್ಡ್ ಗೊತ್ತು, ಸಂಜೆ ಆಡಲು ಹೋಗುವ ಬೀಚ್ ಗೊತ್ತು. ಹಾಗಿರುವಾಗ ಈ ಎರಡು ಮೊದಲು ಗಟ್ಟಿಯಾಗಲಿ, ಕಾಳಿ ನದಿಗೆ ಮಾತ್ರ ಸಲ್ಲುವ ಬ್ಯಾಂಕ್ ಕೆಲವು ವಾರ ಬಿಟ್ಟು ಬರಲಿ. ಗೋಕರ್ಣದ ಪಾಠಶಾಲೆಯಲ್ಲಿ ಕಲಿತ ಹಿರಿಯರು ಇಲ್ಲಿ ಅಮರಕೋಶವನ್ನು ಎದುರು ಹಿಡಿದಾರು. ನಿಜ, ಪರ್ಯಾಯ ಪದಗಳ ಆ ಮಾಲೆಯನ್ನು ತಲೆಮಾರುಗಳು ಬಾಯಿಪಾಠ ಮಾಡಿವೆ. ಆದರೆ ಅಲ್ಲಿ ಶ್ಲೋಕದ ಛಂದಸ್ಸೇ ಪದಗಳನ್ನು ಅವುಗಳ ಸ್ಥಾನದಲ್ಲಿ ಹಿಡಿದಿಡುತ್ತದೆ. ಗೈಡಿನ ಪಟ್ಟಿಗೆ ಆ ಭಾಗ್ಯವಿಲ್ಲ.

ವಿರುದ್ಧ ಪದಗಳಲ್ಲಿ ಒಂದು ಸೋಜಿಗವಿದೆ. ಇಂಗ್ಲಿಷಿನಲ್ಲಿ ಬಿಗ್ ಮತ್ತು ಲಾರ್ಜ್ ಬಹುತೇಕ ಒಂದೇ ಅರ್ಥದವು. ಆದರೂ ಬಿಗ್‌ನ ಜೊತೆಗೆ ಲಿಟಲ್ ಹೊಂದುವಷ್ಟು ಲಾರ್ಜ್‌ನ ಜೊತೆಗೆ ಹೊಂದುವುದಿಲ್ಲ. ಲಾರ್ಜ್‌ನ ಜೋಡಿ ಸ್ಮಾಲ್. ಕನ್ನಡದಲ್ಲೂ ಹಿರಿಯ ಮಗನ ಎದುರು ಕಿರಿಯ ಮಗನೇ ಬರಬೇಕು, ದೊಡ್ಡವನ ಎದುರು ಸಣ್ಣವನು. ಹಿರಿಯ ಮಗ, ಸಣ್ಣ ಮಗ ಎಂದರೆ ಕಿವಿಗೆ ಏನೋ ತಪ್ಪಿದಂತೆ ಕೇಳಿಸುತ್ತದೆ. ಅಂದರೆ ವಿರೋಧ ಇರುವುದು ಅರ್ಥಗಳ ನಡುವೆ ಮಾತ್ರವಲ್ಲ, ನಿರ್ದಿಷ್ಟ ಪದಗಳ ನಡುವೆಯೂ ಹೌದು. ಇಂಥ ಜೋಡಿಗಳು ಒಂದೇ ವಾಕ್ಯದಲ್ಲಿ ಮತ್ತೆ ಮತ್ತೆ ಜೊತೆಯಾಗಿ ಬರುವುದರಿಂದಲೇ ಅವು ನಮ್ಮ ಮನಸ್ಸಿನಲ್ಲಿ ಬೆಸೆದುಕೊಳ್ಳುತ್ತವೆ ಎಂದು ವಾಲ್ಟರ್ ಚಾರ್ಲ್ಸ್ ಮತ್ತು ಮಿಲ್ಲರ್ 1989ರಲ್ಲಿ ವಾದಿಸಿದರು. ಹಾಗಿದ್ದರೆ ಮಗುವಿಗೂ ವಿರುದ್ಧ ಪದ ಸಿಗಬೇಕಾದದ್ದು ವಾಕ್ಯದೊಳಗೆ. ನಡುವೆ ಗುಣಾಕಾರದ ಚಿಹ್ನೆ ಹಾಕಿದ ಪಟ್ಟಿಯಲ್ಲಲ್ಲ.

ಕಲಿತದ್ದು ಉಳಿಯುವ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ಬಳಿಕ ಪರೀಕ್ಷಿಸಿದಾಗ ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಮುಂದಿದ್ದರು. ನೋಟ್‌ಬುಕ್ಕಿನ ಪುಟವನ್ನು ಉದ್ದಕ್ಕೆ ಮಡಚಿ, ಒಂದು ಬದಿಯನ್ನು ಮಾತ್ರ ನೋಡಿ ಇನ್ನೊಂದು ಬದಿಯನ್ನು ಹೇಳುವ ಹಳೆಯ ಪದ್ಧತಿ ಸಾಕು. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ಹಬ್ಬದ ರಜೆ ಮುಗಿದ ಮೇಲೆ ಇನ್ನೊಮ್ಮೆ.

ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ಪದಕ್ಕೂ ಅರ್ಧ ಪುಟ. ಹೋದ ವಾರ ನೋಡಿದಾಗ ಟೆಂಡರ್ ಎಂಬ ಪದ ಬರೆದಿದ್ದಳು. ಮೊದಲನೆಯದು ಎಳನೀರಿನ, ಎಳೆಯ ಎಲೆಯ ಟೆಂಡರ್. ಲ್ಯಾಟಿನ್ನಿನಲ್ಲಿ ಮೃದು ಎಂಬ ಅರ್ಥದ ಪದದಿಂದ ಬಂದದ್ದು. ಎರಡನೆಯದು ಶಿರಸಿಯ ಅಡಿಕೆ ವಹಿವಾಟಿನ ಟೆಂಡರ್. ಅವಳ ಮಾವ ಅಡಿಕೆ ಚೀಲ ಹಾಕಿ ಬಂದ ದಿನ ಮನೆಯಲ್ಲಿ ಕೇಳುವ ಮಾತು, ಮೂಲ ‘ಮುಂದೆ ಚಾಚು’ ಎಂಬ ಬೇರೆಯೇ ಕ್ರಿಯಾಪದ. ಮೂರನೆಯದು ದೊಡ್ಡ ಹಡಗಿಗೆ ಸಾಮಾನು, ಜನರನ್ನು ಸಾಗಿಸುವ ಸಣ್ಣ ದೋಣಿ. ಅದರ ಪಕ್ಕದಲ್ಲಿ ಕಾರವಾರ ಬಂದರು ಎಂದು ಬರೆದು ಒಂದು ದೋಣಿಯ ಚಿತ್ರ ಬಿಡಿಸಿದ್ದಳು. ವಿರುದ್ಧ ಪದದ ಅಂಕಣದಲ್ಲಿ ಮೊದಲನೆಯದಕ್ಕೆ ಮಾಂಸವಾದರೆ ಟಫ್, ಎಲೆಯಾದರೆ ಮೆಚೂರ್ ಎಂದಿತ್ತು. ಉಳಿದ ಎರಡರ ಎದುರು ಜಾಗ ಖಾಲಿ ಬಿಟ್ಟಿದ್ದಳು. ಅವಕ್ಕೆ ವಿರುದ್ಧ ಪದ ಇಲ್ಲವಲ್ಲ ಎಂದು ನನ್ನನ್ನೇ ಕೇಳಿದಳು.