ತಲೆಗೆ ಆರು ಹೊಲಿಗೆ ಬಿದ್ದರೂ ‘ಸಾದಾ ಗಾಯ’ ಯಾಕೆ?

ಬ್ರಹ್ಮಾವರ ಕಡೆಯ ಓದುಗರೊಬ್ಬರ ಪ್ರಶ್ನೆ: “ಬೇಲಿ ವಿಚಾರಕ್ಕೆ ಜಗಳ ಆಗಿ ತಲೆಗೆ ದೊಣ್ಣೆ ಏಟು ಬಿತ್ತು. ಆರು ಹೊಲಿಗೆ, ಅಂಗಿಯೆಲ್ಲ ರಕ್ತ. ಆದರೂ ಡಾಕ್ಟರು ಗಾಯ ನೋಡಿ ಬರೆದ ವೂಂಡ್ ಸರ್ಟಿಫಿಕೇಟ್‌ನಲ್ಲಿ ಸಾದಾ ಗಾಯ ಅಂತಿದೆ. ಅವರ ಕಡೆಯವನಿಗೆ ಒಂದು ಹಲ್ಲು ಮುರಿದದ್ದಕ್ಕೆ ತೀವ್ರ ಗಾಯ. ಇದು ಯಾವ ನ್ಯಾಯ?”

ಸಿಟ್ಟು ಬರುತ್ತದೆ ಮಾರಾಯ್ರೆ, ಆದರೆ ಕಾನೂನು ಹೊಲಿಗೆ ಎಣಿಸುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂನಲ್ಲಿ ತೀವ್ರ ಗಾಯ ಯಾವುದು ಅಂತ ಪಟ್ಟಿಯೇ ಇದೆ: ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಕೈಕಾಲು ಅಥವಾ ಕೀಲು ಊನವಾಗುವುದು, ತಲೆ ಮುಖ ಶಾಶ್ವತವಾಗಿ ವಿಕಾರವಾಗುವುದು, ಎಲುಬು ಅಥವಾ ಹಲ್ಲು ಮುರಿಯುವುದು, ಜೀವಕ್ಕೆ ಅಪಾಯ, ಹೀಗೆ. ಹಲ್ಲು ಪಟ್ಟಿಯಲ್ಲಿದೆ, ನಿಮ್ಮ ಹೊಲಿಗೆ ಇಲ್ಲ, ಅಷ್ಟೇ.

ತಲೆಯ ಚರ್ಮದಲ್ಲಿ ರಕ್ತನಾಳ ಜಾಸ್ತಿ. ಹಾಗಾಗಿ ಸಣ್ಣ ಗಾಯವಾದರೂ ರಕ್ತ ಸುರಿಯುತ್ತದೆ, ನೋಡಿದವರಿಗೆ ಎದೆ ಝಲ್ ಅನ್ನುತ್ತದೆ. ಅದೇ ಕಾರಣಕ್ಕೆ ಅಲ್ಲಿ ಬೇಗ ಮಾಯುತ್ತದೆ ಕೂಡ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ದಿನ ಊತ, ಆಮೇಲೆ ಹೊಸ ಮಾಂಸ ಬೆಳೆದು ಬಾಯಿ ಮುಚ್ಚುತ್ತದೆ. ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಪೂರ್ತಿ ವಾಸಿಯಾಯಿತು ಅಂತಲ್ಲ. ಒಳಗಿನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ, ಆದರೂ ಕಲೆ ಕೂತ ಚರ್ಮಕ್ಕೆ ಮೊದಲಿನಷ್ಟು ಗಟ್ಟಿತನ ಬರುವುದೇ ಇಲ್ಲ, ಹೆಚ್ಚೆಂದರೆ ಸುಮಾರು ಶೇ. 80.

ಗುಣವಾಗಲು ಎಷ್ಟು ದಿನ ಹಿಡಿಯಿತು ಅನ್ನುವುದನ್ನು ಕಾನೂನು ನೋಡುವುದು ಒಂದೇ ಕಡೆ. 15 ದಿನ ವಿಪರೀತ ನೋವು ತಿಂದರೆ, ಅಥವಾ ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲಾಗದೆ ಹೋದರೆ ಅದೂ ತೀವ್ರ ಗಾಯ. 2024ರ ಜುಲೈ 1ಕ್ಕೆ ಮೊದಲು, ನ್ಯಾಯ ಸಂಹಿತೆ ಬರುವ ತನಕ ಇದ್ದ ಹಳೇ ಐಪಿಸಿಯಲ್ಲಿ (ಭಾರತೀಯ ದಂಡ ಸಂಹಿತೆ) ಇದು 20 ದಿನ ಇತ್ತು. ಸುಮ್ನೆ ಆಸ್ಪತ್ರೆ ಮಂಚದಲ್ಲಿ 15 ದಿನ ಮಲಗಿದರೆ ಲೆಕ್ಕಕ್ಕೆ ಬರುವುದಿಲ್ಲ! ಹಾಗೆ ಮಲಗಲು ಸಲಹೆ ಕೊಡುವವರು ಊರಲ್ಲಿ ಬೇಕಾದಷ್ಟಿದ್ದಾರೆ, ಅಲ್ವಾ?

ಸಾದಾ ಗಾಯ ಅಂದರೆ ಕೇಸೇ ಇಲ್ಲ ಅಂತಲೂ ಅಲ್ಲ. ಬೇಕಂತಲೇ ಹೊಡೆದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕತ್ತಿಯಂಥ ಆಯುಧ ಬಳಸಿದ್ದರೆ ಜೈಲು ಮೂರು ವರ್ಷದವರೆಗೆ ಹೋಗುತ್ತದೆ.

ತಲೆನೋವು, ವಾಂತಿ ಇದ್ದರೆ ತಡಮಾಡದೆ ಮತ್ತೆ ಆಸ್ಪತ್ರೆಗೆ ಹೋಗಿ. ಸ್ಕ್ಯಾನ್‌ನಲ್ಲಿ ತಲೆಬುರುಡೆ ಬಿರುಕು ಬಿಟ್ಟದ್ದು ಕಂಡರೆ ಅದು ತೀವ್ರ ಗಾಯವೇ. ಆ ರಿಪೋರ್ಟನ್ನು ತನಿಖಾಧಿಕಾರಿಗೆ ಕೊಡಿ. ಇನ್ನು ಮುಂದೆ ಯಾರಿಗೇ ಗಾಯವಾದರೂ ಕಾಫಿಪುಡಿ ಮೆತ್ತಬೇಡಿ. ಗಾಯದ ಅಂಚು ಕತ್ತಿಯಲ್ಲಿ ಕೊಯ್ದದ್ದೋ ದೊಣ್ಣೆ ಏಟಿಗೆ ಒಡೆದದ್ದೋ ಅಂತ ಡಾಕ್ಟರು ನೋಡಿಯೇ ಬರೆಯಬೇಕು, ಪುಡಿ ಮೆತ್ತಿದರೆ ಅದು ಕಾಣುವುದಿಲ್ಲ.